ರೋಲು ಕೊಡೂದಿಲ್ಲ

ಕೋಥರೂಡ, ಪುಣೆ
೧೪ ಮಾರ್ಚ್ ೧೯೯೮

ಪ್ರೀತಿಯ ಅವ್ವಾ,

ನಿನ್ನ ಮಂಡಿನೋವು ಹೆಂಗದ? ಅಕ್ಕುನ ಕೂಸು ರಾತ್ರಿ ಮಲಗಲಿಕ್ಕೆ ಕಲಿತೋ, ಇನ್ನೂ ನಿನ್ನ ಎಬ್ಬಿಸಿ ಕೂಡಸ್ತದೋ? ಬಾಣಂತಿಗೆ ಮಾಡಿದ ಅಂಟಿನ ಉಂಡಿ ನೀನೂ ಒಂದೆರಡು ತಿನ್ನು. ಎಲ್ಲಾ ಅಕಿಗೇ ಇಡಬ್ಯಾಡ.

ಮೊನ್ನೆ ಫೋನಿನಾಗ ನೀನು, "ಆ ಫೋಟೋದ ರೋಲು ಭುಜಂಗ ಕಾಕಾಗ ಕೊಟ್ಟುಬಿಡು, ರೇಣು" ಅಂದಿ. ಬಾಜೂ ಮನಿಯವರು ಎದುರಿಗೇ ಕೂತಿದ್ರು, ಏನೂ ಹೇಳಲಿಕ್ಕಾಗಲಿಲ್ಲ. ಈಗ ಹೇಳ್ತೀನಿ ಕೇಳು. ರವಿವಾರ ಸ್ಟುಡಿಯೋ ಸೂಟಿ ಇತ್ತು. ಮಾಳಗಿ ಮ್ಯಾಲೆ ಅರಬಿ ಒಣಹಾಕಲಿಕ್ಕೆ ಹೋದ್ರ ಗಾಳಿಗೆ ಒಂದೂ ನಿಲ್ಲವಲ್ದು. ಆಕಡೆ ಗುಡ್ಡದ ಒಣಹುಲ್ಲಿಗೆ ಬೆಂಕಿ ಹತ್ತಿತ್ತು. ಮದುವಿ ಫೋಟೋ ತಗದು ತಗದು ಬ್ಯಾಸತ್ತಿದ್ದೆ, ಕ್ಯಾಮೆರಾ ಕೊರಳಿಗೆ ಹಾಕ್ಕೊಂಡು ಗುಡ್ಡ ಹತ್ತಿದೆ. ಗಾಳಿ ಬೆನ್ನಿಗಿಟ್ಟುಕೊಂಡು ನಡದೆ, ನೀ ಹೆದರಬ್ಯಾಡ. ಬೆಂಕಿ ಹುಲ್ಲಿನಾಗ ಚಟಚಟ ಅಂತ ಓಡೂದು ನೋಡಿದ್ರ, ಅವ್ವಾ, ಹೆದರಿಕಿನೂ ಆಗ್ತದ, ಕಣ್ಣೂ ಕೀಳಲಿಕ್ಕಾಗೂದಿಲ್ಲ. ಬೂದಿ ಹಾರಿ ಲೆನ್ಸಿಗೆ ಬಡೀತಿತ್ತು. ಸೆರಗಿಲೆ ಒರಸಿ ಒರಸಿ ತಗದೆ.

ಆವಾಗ ಕೆಳಗ ಕಂಡಿತು. ಯಾದಗಿರಿ ಕಡೆಯಿಂದ ಬಂದ ನಮ್ಮ ಮಂದಿ, ಇಲ್ಲಿ ಬಿಲ್ಡಿಂಗ್ ಕಟ್ಟೂವರು, ಗುಡ್ಡದ ಬುಡಕ ಗುಡಿಸಲು ಹಾಕಿದ್ದರಲ್ಲಾ? ಆ ಜಾಗ ಬಿಲ್ಡಿಂಗ್ ಮಾಲಕಗ ಬೇಕಾಗಿತ್ತು. ಗುಡ್ಡದ ಬೆಂಕಿ ಅಲ್ಲಿಗೆ ಮುಟ್ಟಿರಲೇ ಇಲ್ಲ. ಗುಡಿಸಲಿನ ಪಶ್ಚಿಮಕ್ಕ, ಗಾಳಿ ಬರೂ ದಿಕ್ಕಿಗೆ, ಒಬ್ಬಾಂವ ಬಗ್ಗಿ ಹುಲ್ಲಿಗೆ ಕಡ್ಡಿ ಗೀರಿದ. ನಾ ಲೆನ್ಸಿನಾಗ ಹತ್ತರಕ್ಕ ಎಳಕೊಂಡು ಬಟನ್ ಒತ್ತಿದೆ, ಒದರಿಕೋತ ಇಳದೆ. ನನಕಿಂತ ಮೊದಲ ಗಾಳಿ ಮುಟ್ಟಿತ್ತು. ಸಾವಂತ್ರವ್ವ ಅನ್ನಾಕಿ, ನಡೀಲಿಕ್ಕಾಗದ ಗಂಡನ್ನ ಕೌದಿ ಮ್ಯಾಲೆ ಹಾಕಿ ಎಳೀತಿದ್ಲು. ಇನ್ನೊಂದು ತುದಿ ನಾ ಹಿಡದೆ. ಮುದುಕ ಉಳದ. ಅಕಿ ಎರಡೂ ಕೈ ಸುಟ್ಟಾವ. ಗುಡಿಸಲು ಒಂದೂ ಉಳೀಲಿಲ್ಲ.

ಮರುದಿನ ಭುಜಂಗ ಕಾಕಾ ಮನಿಗೆ ಬಂದ. ಆ ಸೈಟಿನ ಕೂಲಿ ಮಂದಿಗೆ ಅವನೇ ಮುಕಾದಮ ಅಲ್ಲೇನು. ಚಹಾ ಕುಡೀಲಿಲ್ಲ. ಆ ಮಂದಿಯ ಒಲಿ ಕಿಡಿನೇ ಹಾರೇದ, ನಿನಗ್ಯಾಕ ಬೇಕು, ರೋಲು ಕೊಟ್ಟುಬಿಡು, ನಾಳೆ ನಿನ್ನ ಯಾರು ಮದುವಿ ಆಗ್ತಾರ, ಮಾಲಕ ಹೊಸಾ ಕ್ಯಾಮೆರಾ ಕೊಡಸ್ತಾನ ಅಂದ.

"ಪಶ್ಚಿಮದ ಹುಲ್ಲು ಮೊದಲ ಸುಟ್ಟದ. ಒಲಿ ಕಿಡಿ ಗಾಳಿಗೆ ಎದುರು ಹೆಂಗ ಹಾರ್ತದ, ಕಾಕಾ?" ಅಂತ ಕೇಳಿದೆ. ಎದ್ದು ಹೋದ.

ಪೊಲೀಸ್ ಚೌಕಿಯೊಳಗ ಸಾಹೇಬ ನಾ ತೊಳೆದು ಒಯ್ದ ಫೋಟೋ ಮುಟ್ಟಲಿಲ್ಲ. ತಗೊಳ್ಳೂತನಕಾ ಬಾಕಿನ ಮ್ಯಾಲಿಂದ ಏಳಲಿಲ್ಲ ನಾನು. ಕಡೀಕ ತಗೊಂಡ. ಒಂದು ಮರಾಠಿ ಪೇಪರಿಗೂ ಕೊಟ್ಟೀನಿ. ನೀ ಬೈ, ಮಾತು ಬಿಡು, ಮದುವಿ ಆಗದಿದ್ರ ಬಿಡಲಿ. ಆ ರೋಲು ಮಾತ್ರ ಯಾರಿಗೂ ಕೊಡೂದಿಲ್ಲ.

ಅಕ್ಕುನ ಕೂಸಿಗೆ ನನ್ನ ಮುತ್ತು ಕೊಡು. ನಿನ್ನ ಪಾದಕ್ಕ ಹಣಿ ಹಚ್ಚಿ,

ನಿನ್ನ ಮಗಳು
ರೇಣು

ತಾ.ಕ.: ಅಕ್ಕು, ಇದನ್ನ ನುಂಗಬ್ಯಾಡ, ಅವ್ವಗ ಓದಿ ಹೇಳು. ಅವ್ವಾ, ಕಡ್ಡಿ ಗೀರಿದಾಂವ ಭುಜಂಗ ಕಾಕಾನೇ. ನೀ ಉಣಿಸಿ ಬೆಳೆಸಿದ ಮೈದುನ. ಫೋಟೋದಾಗ ಮಾರಿ ಸ್ವಚ್ಛ ಬಂದದ. ಚೌಕಿಯೊಳಗ ಅವನ ಹೆಸರು ನಾನೇ ಬರೆಸೀನಿ. ಸೋಮವಾರ ಸಾವಂತ್ರವ್ವನ ಜೋಡಿ ಮತ್ತ ಹೋಗಾಕಿ ಇದ್ದೀನಿ. ನನ್ನ ತಡೀಲಿಕ್ಕೆ ಬರೂದಾದ್ರ ಬರಬ್ಯಾಡ. ಬಾಜೂಕ ನಿಂದ್ರಲಿಕ್ಕೆ ಬಾ.