ಸಾಯಗಾಂವಕ್ಕೆ ಬಂದ ಬೂದಿ ಬಣ್ಣದ ಲಾರಿ

ಸಾಯಗಾಂವ, ತಾಲೂಕು ಭಾಲ್ಕಿ
ಕಾರ್ತಿಕ ಬಹುಳ ಪಂಚಮಿ, ಫಸಲಿ ೧೩೪೪

ಸಂತಪುರದ ನನ್ನ ಅವ್ವನ ಪಾದಗಳಿಗೆ ಕಸ್ತೂರಿಬಾಯಿ ತಲೆಯಿಟ್ಟು ಮಾಡುವ ಶರಣು ಶರಣಾರ್ಥಿ.

ಅವ್ವಾ, ನಮ್ಮ ಮನೆಗೆ ಲಾರಿ ಬಂತು! ಇನ್ನು ಮೇಲೆ ಬೀದರಿನ ಕೆಂಪುಕಲ್ಲು ಘಾಟು ಇಳಿಯುವುದು ಎತ್ತಿನ ಬಂಡಿಯಲ್ಲಲ್ಲ. ಲಾರಿಯ ಬೆನ್ನಿಗೆ ನಾಲ್ಕು ಗಾಲಿಯ ಇನ್ನೊಂದು ಬಂಡಿ ಕಟ್ಟುತ್ತಾರೆ, ಅದೂ ಕಲ್ಲು ಹೊರುತ್ತದೆ. ನಡೆಸುವವರು ನಿನ್ನ ಅಳಿಯಂದಿರೇ. ನನಗೆ ಹೆದರಿಕೆ ಇದ್ದದ್ದು ಅದಕ್ಕೇ. ಮಾವನವರು ತೀರಿಹೋದದ್ದು ಅದೇ ಘಾಟಿನಲ್ಲಲ್ಲವೇ? ಅವರ ಎತ್ತುಗಳಿಗೆ ಎಳೆಯುವ ಕಸುವೇನೋ ಇತ್ತು. ಇಳಿಜಾರಿನಲ್ಲಿ ಹಿಂದಿನಿಂದ ನೂಕಿ ಬರುವ ಕಲ್ಲನ್ನು ತಡೆಯುವುದು ಅವುಗಳಿಂದ ಆಗಲಿಲ್ಲ.

ಹೈದರಾಬಾದಿನ ರಶೀದ ಅಹ್ಮದ ಸಾಹೇಬರು ಎರಡು ಲಾರಿ ಮಾರಲು ತಂದು ಮೈಲೂರಿನಲ್ಲಿ ನಿಲ್ಲಿಸಿದ್ದರು. ಒಂದು ಕೆಂಪು, ಮದುಮಗನ ಹಾಗೆ ಥಳಥಳ. ಇನ್ನೊಂದು ಬೂದಿ ಬಣ್ಣದ್ದು, ಗಿಡ್ಡ, ನೋಡಿದರೆ ನಗು ಬರಬೇಕು. ಕೆಂಪನ್ನೇ ಕೊಳ್ಳುವುದೆಂದು ಮನೆಯಲ್ಲಿ ಮೊದಲೇ ಮಾತಾಗಿತ್ತು. ಅತ್ತೆಯವರು ಸೆರಗು ಸಿಕ್ಕಿಸಿಕೊಂಡು ನಾನೂ ಬರುತ್ತೇನೆಂದು ಹೊರಟುಬಿಟ್ಟರು. ನನ್ನನ್ನೂ ಎಳೆದುಕೊಂಡು ಹೋದರು.

ಎತ್ತು ಕೊಳ್ಳುವಾಗ ಈ ಮನೆಯವರದು ಒಂದು ಪದ್ಧತಿ ಇದೆ, ಅವ್ವಾ. ಬಂಡಿ ತುಂಬ ಹೇರಿ ಇಳಿಜಾರಿಗೆ ಬಿಡಬೇಕು, ಮಾರುವವನೇ ಹೇರಿನ ಮೇಲೆ ಕೂಡಬೇಕು. ಅವನು ಕೂಡದಿದ್ದರೆ ವ್ಯಾಪಾರವಿಲ್ಲ. ಅತ್ತೆಯವರು ಲಾರಿಗೂ ಅದನ್ನೇ ಹಚ್ಚಿದರು! ಸಾಹೇಬರು, "ಅಮ್ಮಾ, ಈ ಕೆಂಪು ಗಾಡಿ ಆನಿಯನ್ನೂ ಎಳಿತದರಿ" ಅಂದರು. ಅತ್ತೆಯವರು, "ಎಳಿಯೋದು ಇರ್ಲಿರಿ, ತಡಿತದೇನು? ಕಲ್ಲು ಹೇರ್ರಿ, ಮ್ಯಾಲ ನೀವು ಕೂಡ್ರಿ" ಅಂದರು. ಸೇರಿದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ನಾಚಿಕೆಯಿಂದ ಮುಖ ತಿರುಗಿಸಿದೆ.

ಸಾಹೇಬರು ಮಾತ್ರ ನಗಲಿಲ್ಲ. ಸೊಂಟ ನೋವೆಂದರು, ಹೊತ್ತಾಯಿತೆಂದರು. ಅತ್ತೆಯವರು ಒತ್ತಾಯಿಸಲಿಲ್ಲ, ಬೂದಿ ಲಾರಿಯ ಕಡೆ ಕೈ ತೋರಿಸಿದರು. ಕಲ್ಲು ಹೇರಿದ್ದೇ ತಡ, ಸಾಹೇಬರು ಮಾತಿಲ್ಲದೆ ಮೇಲೆ ಹತ್ತಿ ಕೂತರು. ಒಳ್ಳೆಯ ಮನುಷ್ಯ, ಬಾಯಿ ಸುಳ್ಳು ಹೇಳಿದರೂ ಮೈ ಒಪ್ಪಲಿಲ್ಲ. ಅವರ ಪಕ್ಕದಲ್ಲಿ ನಮ್ಮ ಅತ್ತೆಯವರೂ ಹತ್ತಿ ಕೂತರು, ಅರವತ್ತು ವರ್ಷದವರು! ಲಾರಿ ನಡೆಸುವ ನಿನ್ನ ಅಳಿಯಂದಿರ ಬದಿಗೆ ನಾನು ಕೂತೆ.

ಘಾಟಿನ ನಡುವೆ, ಮಾವನವರ ಬಂಡಿ ಉರುಳಿದ ತಿರುವಿನಲ್ಲೇ, ಅತ್ತೆಯವರು ಲಾರಿ ನಿಲ್ಲಿಸಲು ಹೇಳಿದರು. ಹಿಂದಿನ ಬಂಡಿ ಕಿರ್ರೆಂದು ನೂಕಿತು. ಲಾರಿ ಒಂದು ಗೇಣೂ ಜಾರಲಿಲ್ಲ. ಅತ್ತೆಯವರು ಇಳಿದು ಅದರ ಗಾಲಿಯ ಮೇಲೆ ಕೈಯಿಟ್ಟು ನಿಂತರು. ಎಂಥ ಹೆಣ್ಣುಮಗಳು ಅವ್ವಾ! ನನಗೆ ಅಳು ತಡೆಯಲಾಗಲಿಲ್ಲ.

ಮೈಲೂರಿಗೆ ತಿರುಗಿ ಬಂದಾಗ ನಿನ್ನ ಅಳಿಯಂದಿರ ದೊಡ್ಡಪ್ಪ ಮಲ್ಲಿಕಾರ್ಜುನಪ್ಪನವರು ಎಲ್ಲರೆದುರು ರೇಗಿದರು. "ಆ ಕೆಂಪು ಗಾಡಿ ಬೇಕಂತ ಹಟ ಹಿಡಿದ ಶ್ಯಾಣ್ಯಾ ಯಾರು?" ಅಂದರು. ಅತ್ತೆಯವರು, "ನಾನರಿ. ಬಣ್ಣಕ್ಕ ಮರುಳಾದೆ" ಅಂದರು. ಅಷ್ಟಕ್ಕೆ ಮಾತು ಮುಗಿಯಿತು.

ಬೂದಿ ಲಾರಿ ಈಗ ನಮ್ಮ ಅಂಗಳದಲ್ಲಿದೆ. ಅತ್ತೆಯವರು ನಿನಗೆ ಶರಣಾರ್ಥಿ ಹೇಳಿದ್ದಾರೆ.

ನಿನ್ನ ಮಗಳು,
ಕಸ್ತೂರಿ

ತಾ.ಕ.: ಅತ್ತೆಯವರಿಗೆ ಓದು ಬಾರದು. ಕಳಿಸುವ ಮುಂಚೆ ಕಾಗದವನ್ನು ನನ್ನಿಂದ ಓದಿಸಿ ಕೇಳುತ್ತಾರೆ. ನನ್ನ ಹೆಸರಿನ ತನಕ ಓದಿ ನಿಲ್ಲಿಸುತ್ತೇನೆ, ಇದು ನಿನಗೊಬ್ಬಳಿಗೇ. ಕೆಂಪು ಲಾರಿಗೆ ಹಟ ಹಿಡಿದವಳು ನಾನು, ಅವ್ವಾ. ಊಟ ಬಿಟ್ಟು ನಿನ್ನ ಅಳಿಯಂದಿರನ್ನು ಒಪ್ಪಿಸಿದ್ದೆ. ಅದು ಅತ್ತೆಯವರಿಗೆ ಗೊತ್ತಿತ್ತು. ಅತ್ತೆಯ ಕಾಟ ತಾಳೆನೆಂದು ಹೋದ ತಿಂಗಳು ಬರೆದಿದ್ದೆನಲ್ಲ, ಆ ಕಾಗದವನ್ನು ಒಲೆಗೆ ಹಾಕು. ನನ್ನನ್ನು ಕರೆದೊಯ್ಯಲು ಅಣ್ಣನನ್ನು ಕಳಿಸಬೇಡ.