ಅವ್ವನ ಟಗರಿನ ಅಳತೆ

ಗುಡ್ನಾಪುರ
8-11-1936

ಚಿ. ಸೌ. ತಂಗಿ ಮುರಿಗೆವ್ವನಿಗೆ,

ಅಣ್ಣ ಶಿವಪುತ್ರಪ್ಪ ಮಾಡುವ ಆಶೀರ್ವಾದಗಳು. ನಿನ್ನ ಕಾಗದ ದಸರೆಗೆ ಮೊದಲೇ ಬಂದಿತ್ತು. ಉತ್ತರಕ್ಕೆ ಇಷ್ಟು ದಿನ ಹಿಡಿಯಿತೆಂದು ಸಿಟ್ಟಾಗಬೇಡ. ಯಲ್ಲಾಪುರದಲ್ಲಿ ನೀವೆಲ್ಲ ಕ್ಷೇಮವೆಂದು ನಂಬಿದ್ದೇನೆ.

ನಾನಿಲ್ಲಿ ಪೇಚಿಗೆ ಸಿಕ್ಕಿದ್ದೇನೆ. ಅವ್ವ ಸಾಕಿದ ಟಗರು ನೆನಪಿದೆಯಲ್ಲ, ಹೋದ ಸಲ ನಿನ್ನ ಸೆರಗು ತಿಂದ ಪುಣ್ಯಾತ್ಮ. ಧಾರವಾಡದಿಂದ ಸರ್ಕಾರದ ದನದ ಡಾಕ್ಟರು ಬಂದು ನಮ್ಮ ಗುಡ್ಡದ ಸೀಮೆಯ ಕುರಿಗಳ ಮೈಕಟ್ಟು ಅಳೆಯುತ್ತಿದ್ದಾರೆ. ಹೆಗಲಿನ ಎತ್ತರ, ಮುಂಗಾಲಿನ ಹಿಂದೆ ಎದೆಯ ಸುತ್ತು, ಹೆಗಲಿನಿಂದ ಬಾಲದ ಬುಡದವರೆಗಿನ ಉದ್ದ, ಎಲ್ಲ ಬೇಕು. ಅಳತೆಗೆ ಬಂದ ಟಗರು ಮಾತ್ರ ತಳಿಗೆ, ಉಳಿದವುಗಳ ಬೀಜ ಒಡೆಸಬೇಕಂತೆ. ಮನುಷ್ಯ ಒಳ್ಳೆಯವರು. ಉಣ್ಣೆಯನ್ನು ಅಂಗೈಯಿಂದ ಒತ್ತಿ ಹಿಡಿದೇ ಪಟ್ಟಿ ಸುತ್ತುತ್ತಾರೆ. "ನಾ ಉಣ್ಣಿ ಅಳೀಲಿಕ್ಕೆ ಬಂದಿಲ್ರಿ" ಎಂದು ನಗುತ್ತಾರೆ.

ನಮ್ಮ ಟಗರಿನ ಸರದಿ ಬಂದಾಗ ಅವ್ವ ಅಡ್ಡ ಕೂತಳು. "ಜೀವ ಇರೂ ಮೈಗೆ ಅಳತಿ ಹಚ್ಚಬ್ಯಾಡ್ರಿ" ಅಂದಳು. ನಿನಗೆ ಗೊತ್ತೇ ಇದೆ, ನಮ್ಮಲ್ಲಿ ತೀರಿಕೊಂಡವರ ಪಾದ ಅಳೆದು ಆ ಲೆಕ್ಕದಲ್ಲೇ ಕುಣಿ ತೋಡುವುದು. ಅಪ್ಪನ ಪಾದಕ್ಕೆ ದಾರ ಹಿಡಿದವನು ನಾನೇ. ಅಂದಿನಿಂದ ಅವ್ವ ದರ್ಜಿಗೂ ಮೈ ಅಳತೆ ಕೊಟ್ಟವಳಲ್ಲ, ಹಳೆಯ ಕುಪ್ಪಸವನ್ನೇ ಕಳಿಸುತ್ತಾಳೆ. ಡಾಕ್ಟರು ಬೇಜಾರು ಮಾಡಿಕೊಳ್ಳದೆ, "ಸೋಮವಾರ ಮತ್ತ ಬರ್ತೇನ್ರಿ, ಅಷ್ಟರಾಗ ಅಜ್ಜಿಗೆ ತಿಳಿಸಿ ಹೇಳ್ರಿ" ಎಂದು ಹೋದರು.

ಅವಳಿಗೆ ಹೇಳುವುದೆಂದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಟಗರಿನ ಕೊರಳಿಗೆ ಕೈ ಹಾಕಿ ಕೂತೇ ಇರುತ್ತಾಳೆ. ಊಟ ಅಷ್ಟಕ್ಕಷ್ಟೆ, ಮಾತೂ ಕಡಿಮೆ. ಟಗರು ಕೆಟ್ಟರೆ ಇನ್ನೊಂದು ತರಬಹುದು. ಅವ್ವನನ್ನು ನೋಡಿದರೆ ನನಗೆ ಹೆದರಿಕೆಯಾಗುತ್ತದೆ, ತಂಗಿ. ನಿನ್ನ ಮಾತಾದರೂ ಕೇಳಿಯಾಳು. ಸಿರಸಿಗೆ ಬರುವ ಮೋಟಾರು ಹತ್ತಿ ಬಂದುಬಿಡು, ಅಲ್ಲಿಂದ ನಾನು ಗಾಡಿ ಕಟ್ಟಿಸುತ್ತೇನೆ.

ಮಕ್ಕಳಿಗೆ ಮುದ್ದು, ಹಿರಿಯರಿಗೆ ಶರಣು. ಮಧುಕೇಶ್ವರ ನಿಮ್ಮನ್ನೆಲ್ಲ ಚೆನ್ನಾಗಿಟ್ಟಿರಲಿ.

ನಿನ್ನ ಅಣ್ಣ,
ಶಿವಪುತ್ರಪ್ಪ

ತಾ.ಕ.: ಕಾಗದ ಮಡಿಸಿ ಮತ್ತೆ ಬಿಚ್ಚಿದೆ. ಈ ಬೆಳಿಗ್ಗೆ ಅವ್ವ ತಾನಾಗಿ ಕರೆದು, "ಟಗರಿನ ಅಳತಿ ಬೇಕಾದ್ರ ತಗೊಳ್ಲಿ, ಮೊದಲ ನಂದು ತಗೋ" ಎಂದು ಪಾದ ಚಾಚಿದಳು. ಎರಡೂ ಪಾದ ಬಾತಿವೆ, ಬೆರಳಿಟ್ಟರೆ ಕುಳಿ ಬೀಳುತ್ತದೆ. "ಈಗ ಅಳದ್ರ ತಪ್ಪಾಗತೈತಿ ಬೇ, ಬಾವು ಇಳೀಲಿ" ಅಂದೆ. "ಇದು ಇಳಿಯೂದಲ್ಲೋ ಯಪ್ಪಾ" ಅಂದಳು. ಅವ್ವನನ್ನು ನೋಡಿದ ಸಿರಸಿಯ ಡಾಕ್ಟರೂ ನನಗೆ ಅದನ್ನೇ ಹೇಳಿದ್ದಾರೆ. ಅವಳ ಮುಂದೆ ನಾನು ಬಾಯಿ ಬಿಟ್ಟಿರಲಿಲ್ಲ. ಕಡೆಗೆ, ಮುರಿಗೆವ್ವ ಬಂದು ಅಳೀತಾಳ ಎಂದು ತಪ್ಪಿಸಿಕೊಂಡೆ. ಅವತ್ತಿನ ತನಕ ಇರ್ತೇನಿ ಅಂದಿದ್ದಾಳೆ. ಬೇಗ ಬಾ. ಬಂದ ಮೇಲೆ, ಅಳೆಯಲು ಮಾತ್ರ ಹೋಗಬೇಡ.