ಸಂಜೆ ಐದೂವರೆಗೆ ನಮ್ಮ ಮನೆಯಲ್ಲಿ ಅಳೆಯಿರಿ

ನಮ್ಮೂರಿಗೆ ಇಂಟರ್ನೆಟ್ ಒದಗಿಸುವ ಸಂಸ್ಥೆಯ ವಲಯ ವ್ಯವಸ್ಥಾಪಕರಿಗೆ,

ಮಾನ್ಯರೇ,

ದೊಡವಾಡದ ನಮ್ಮ ಮನೆಯ ಇಂಟರ್ನೆಟ್ ವೇಗ 98.6 ಎಂಬಿಪಿಎಸ್ ಇದೆ, ಯಾವ ದೋಷವೂ ಕಂಡುಬಂದಿಲ್ಲ ಎಂದು ತಾವು ಕಳೆದ ಸೋಮವಾರ ಮೊಹರು ಹಾಕಿ ಪತ್ರ ಕೊಟ್ಟಿದ್ದೀರಿ. ಆ ಪತ್ರ ಮಿಂಚಂಚೆಯಲ್ಲಿ ಬಂದಾಗ ಸಂಜೆ ಐದೂವರೆ. ಎರಡು ಸಲ ಅರ್ಧಕ್ಕೆ ನಿಂತು ಮೂರನೆಯ ಸಲಕ್ಕೆ ಅದು ತೆರೆದುಕೊಂಡಿತು. ಅಷ್ಟರಲ್ಲಿ ನನ್ನ ಪತ್ನಿ ತಾರಾಬಾಯಿ ಚಹಾ ಕುದಿಸಿ, ಸೋಸಿ, ತಂದಿಟ್ಟಿದ್ದಳು. ವೇಗ ಚೆನ್ನಾಗಿದೆ ಎಂಬ ಸುದ್ದಿ ಇಷ್ಟು ನಿಧಾನವಾಗಿ ಬಂದದ್ದನ್ನು ನಾನು ಇದೇ ಮೊದಲು ಕಂಡದ್ದು.

ಇದು ಬರೀ ತಮಾಷೆಯ ವಿಷಯವಾಗಿದ್ದರೆ ನಾನು ಹೀಗೆ ಬಹಿರಂಗ ಪತ್ರ ಬರೆದು ಪತ್ರಿಕೆಯ ಜಾಗ ಕೆಡಿಸುತ್ತಿರಲಿಲ್ಲ. ನನ್ನ ಸೊಸೆ ವರದಾ ಮನೆಯಿಂದಲೇ ಆನ್‌ಲೈನ್‌ನಲ್ಲಿ ಎಂಟು ಮತ್ತು ಒಂಬತ್ತನೆಯ ತರಗತಿಯ ಮಕ್ಕಳಿಗೆ ಗಣಿತ ಕಲಿಸುತ್ತಾಳೆ. ಐದರಿಂದ ಏಳು ಗಂಟೆ. ಎರಡು ತಿಂಗಳಿಂದ ಆಕೆಯ ಪಾಠ ನಡುವೆ ನಿಂತುಹೋಗುತ್ತಿದೆ. ಪಾಠದ ಸಂಸ್ಥೆಯವರು ಎಚ್ಚರಿಕೆ ಕೊಟ್ಟರು: ದೋಷ ತಂತಿಯದೇ ಆದರೆ ಇದೇ ತಿಂಗಳ ಇಪ್ಪತ್ತೆಂಟರೊಳಗೆ ಇಂಟರ್ನೆಟ್ ಕೊಡುವವರಿಂದ ಬರೆಸಿ ತನ್ನಿ, ಇಲ್ಲವಾದರೆ ತರಗತಿ ಬೇರೆಯವರಿಗೆ ಹೋಗುತ್ತದೆ. ತಾವು ಬರೆದುಕೊಟ್ಟಿರಿ. ಅದನ್ನು ಓದಿ ಅವರು ಕೇಳಿದ್ದು ಒಂದೇ ಪ್ರಶ್ನೆ: ತಂತಿ ಸರಿ ಇದೆ ಎಂದಮೇಲೆ ಪಾಠ ನಿಲ್ಲಿಸಿದವರು ಯಾರು? ಸಹಾಯಕ್ಕೆಂದು ಕೇಳಿದ ಕಾಗದ ಆಕೆಯ ಮೇಲೇ ಸಾಕ್ಷಿ ಹೇಳಿತು.

ಪಾಠ ನಿಲ್ಲುವುದೆಂದರೆ ಹೇಗೆ ಎಂಬುದು ಕಚೇರಿಯಲ್ಲಿ ಕುಳಿತವರಿಗೆ ತಿಳಿಯಲಿಕ್ಕಿಲ್ಲ. ವರದಾ ಸಮೀಕರಣ ಬಿಡಿಸುತ್ತಿರುತ್ತಾಳೆ. ಅತ್ತ ಕಡೆಯಿಂದ ರಾಮದುರ್ಗದ ಶಿವಾನಿ ಎಂಬ ಹುಡುಗಿಯ ದನಿ ತುಂಡುತುಂಡಾಗಿ ಬರುತ್ತದೆ: "ಟೀಚರ್, ನೀವ್ ಮತ್ತ ಫೋಟೊ ಆದ್ರಿ." ಮೊನ್ನೆ ವರದಾ ಪಡಸಾಲೆಗೆ ಬಂದು ಹೇಳಿದಳು, "ಮಾವನೋರ, ನಾ ಬಾಯಿ ತಗದಾಗೇ ನಿಲ್ಲತದ ನೋಡ್ರಿ ಇದು." ಒಳಗಿನಿಂದ ಅತ್ತೆಯ ಉತ್ತರ ಬಂತು: "ಮುಚ್ಚಿದಾಗ ನಿಂತಿದ್ರ ಫೋಟೊರೆ ಛಲೋ ಬರ್ತಿತ್ತು." ಸೊಸೆ ನಕ್ಕಳು. ಆದರೆ ಆಮೇಲೆ ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆಯುತ್ತ ಹಾಕುತ್ತ ಕುಳಿತಿದ್ದಳು. ಆರು ವರ್ಷ ಮನೆಗೆಲಸದ ನಡುವೆ ಓದಿ, ಪರೀಕ್ಷೆ ಕಟ್ಟಿ, ಗಳಿಸಿಕೊಂಡ ಕೆಲಸವದು.

ಆಪಾದನೆ ಮಾಡುವ ಮುನ್ನ ನಮ್ಮ ತಪ್ಪನ್ನೂ ಹೇಳಿಬಿಡುವುದು ಒಳ್ಳೆಯದು. ಮೊದಲ ದೂರಿಗೆ ತಮ್ಮ ಸಿಬ್ಬಂದಿ ಬಾಳೇಶ ಬಂದರು. ಒಳಗೆ ಕಾಲಿಡುತ್ತಲೇ, "ಅಜ್ಜಾರ, ರೌಟರ್ ಎಲ್ಲಿ ಐತ್ರಿ?" ಎಂದರು.

"ದೇವರ ಮಾಡದಾಗ ಅದ. ಚಪ್ಪಲಿ ಬಿಟ್ಟು ಬರ್ರಿ," ಎಂದಳು ತಾರಾಬಾಯಿ. ಇಲಿಗೆ ಸಿಗಬಾರದು, ಯಾರ ಕೈಯೂ ತಾಗಬಾರದು ಎಂದು ಆಕೆ ಆರಿಸಿದ ಗೋಡೆಗೂಡು ಅದು.

ಬಾಳೇಶ ಬಗ್ಗಿ ನೋಡಿದರು. "ಅಮ್ಮಾರ, ಇದಕ್ಕ ಕುಂಕುಮ ಯಾಕ ಹಚ್ಚೀರಿ?"

"ಖಂಡೇನವಮಿಗೆ ಎಲ್ಲಾಕ್ಕೂ ಹಚ್ಚತೇವಿ. ಮಿಕ್ಸರಿಗೂ ಹಚ್ಚೇವಿ. ಅದು ಛಲೋ ತಿರಗತದ."

"ಎರಡ ಫೂಟಿನ ಕಲ್ಲಿನ ಗ್ವಾಡಿ, ಮುಂದ ತಾಮ್ರದ ಕೊಡ. ಇಲ್ಲಿಂದ ದೇವರ ಹೊರಗ ಬರೂದ ಕಷ್ಟ ಐತ್ರಿ, ವೈಫೈ ಹ್ಯಾಂಗ ಬಂದೀತು?"

ಅವರ ಮಾತು ನೂರಕ್ಕೆ ನೂರು ಸರಿ. ರೌಟರನ್ನು ಪಡಸಾಲೆಯ ಹಲಗೆಯ ಮೇಲಿಟ್ಟೆವು. ಹದಿನಾಲ್ಕಿದ್ದ ಬೆಳಗಿನ ವೇಗ ಅರವತ್ತಕ್ಕೆ ಏರಿತು. ವೈಫೈ ಬಿಟ್ಟು ತಂತಿಯನ್ನೇ ನೇರವಾಗಿ ಲ್ಯಾಪ್‌ಟಾಪಿಗೆ ಚುಚ್ಚಿದರೆ ತೊಂಬತ್ತು ದಾಟಿತು. ಗೋಡೆಯ ಪಾಲಿನ ತಪ್ಪು ನಮ್ಮದು, ಒಪ್ಪಿದೆವು. ಆದರೆ ಅಂದು ಸಂಜೆಯೂ ವರದಾ ಫೋಟೊ ಆದಳು.

ಆಗ ನಾನು ನನ್ನ ಹಳೆಯ ಚಾಳಿಗೆ ಮರಳಿದೆ. ಮೂವತ್ತೊಂದು ವರ್ಷ ನಮ್ಮ ಭಾಗದ ಕಾಲುವೆಯೊಂದರ ಮೇಲೆ ನೀರಿನ ಮಟ್ಟ ಅಳೆದು ಬರೆಯುವ ಗೇಜ್ ರೀಡರ್ ಆಗಿದ್ದವನು ನಾನು. ಅಳೆಯದೆ ಮಾತಾಡುವುದು ನನಗೆ ಒಗ್ಗುವುದಿಲ್ಲ. ಟಿವಿ, ಮೊಬೈಲು ಎಲ್ಲ ಬಂದ್ ಮಾಡಿ, ತಂತಿಯನ್ನು ಲ್ಯಾಪ್‌ಟಾಪಿಗೆ ಚುಚ್ಚಿ, ದಿನಕ್ಕೆ ಮೂರು ಹೊತ್ತು, ಹೊತ್ತಿಗೆ ಮೂರು ಸಲ ಅಳೆದು ನಡುವಿನ ಅಂಕಿ ಬರೆದೆ. ಸಂಜೆಯ ಅಳತೆ ಪಾಠ ಮುಗಿದ ಕೂಡಲೇ, ಇಲ್ಲವೇ ಪಾಠವಿಲ್ಲದ ದಿನ ಐದೂವರೆಗೆ. ಇಪ್ಪತ್ತೊಂದು ದಿನ ಹೀಗೆ ಮಾಡಿದೆ. ಬೆಳಿಗ್ಗೆ ಆರೂವರೆಗೆ ಸರಾಸರಿ 93, ಹನ್ನೊಂದಕ್ಕೆ 88, ಸಂಜೆ 2.1. ಇದು ನಮ್ಮ ಕಡೆ ಬರುವ ವೇಗ. ಇಲ್ಲಿಂದ ಹೊರಗೆ ಹೋಗುವ ವೇಗ, ಅಂದರೆ ಅಪ್‌ಲೋಡ್, ಸಂಜೆ 0.3. ಸಿನಿಮಾ ನೋಡುವವರಿಗೆ ಬರುವ ವೇಗವೊಂದಿದ್ದರೆ ಸಾಕು. ಕಲಿಸುವವಳ ಮುಖ, ದನಿ, ಹಲಗೆ ಮೂರೂ ಹೊರಗೆ ಹೋಗಬೇಕಲ್ಲ? ತಮ್ಮ ಪತ್ರದಲ್ಲಿ ಅಪ್‌ಲೋಡ್ ಎಂಬ ಶಬ್ದವೇ ಇಲ್ಲ. ತಮ್ಮ ಜಾಹೀರಾತಿನಲ್ಲೂ ನೂರು ಎಂಬ ಅಂಕಿ ಕುಂಬಳಕಾಯಿಯಷ್ಟಿದೆ, ಅದರ ಪಕ್ಕದ 'ವರೆಗೆ' ಎಂಬುದು ಸಾಸಿವೆಯಷ್ಟು. ಈ ಲೆಕ್ಕದಲ್ಲಿ ದೊಡವಾಡದಿಂದ ಧಾರವಾಡಕ್ಕೆ ಹೋಗುವ ಬಸ್ಸೂ ಗಂಟೆಗೆ ನೂರು ಕಿಲೋಮೀಟರಿನವರೆಗೆ ಓಡುತ್ತದೆ.

ಈ ಅಂಕಿಗಳನ್ನು ತಮ್ಮ ಸಹಾಯವಾಣಿಗೆ ತಿಳಿಸಿದೆ. ವೇಗ ಕಡಿಮೆ ಇರುವುದನ್ನು ತೋರಿಸುವ ವಿಡಿಯೊ ಮಾಡಿ, ಆ ಹೊತ್ತಿನಲ್ಲೇ ಅಪ್‌ಲೋಡ್ ಮಾಡಿ ಎಂದರು. ಕೈ ಇಲ್ಲದವನಿಗೆ ಅರ್ಜಿ ಬರೆದುಕೊಡು ಎಂದಂತಾಯಿತು. ಐವತ್ತೆರಡು ನಿಮಿಷ ಕಾದೆ, ಮುಕ್ಕಾಲು ಭಾಗ ಹೋಗಿ ನಿಂತಿತು. ಮರುದಿನ ಸಂದೇಶ ಬಂತು: ದಾಖಲೆ ಸಲ್ಲಿಸದ ಕಾರಣ ದೂರನ್ನು ಮುಕ್ತಾಯಗೊಳಿಸಲಾಗಿದೆ, ಸೇವೆ ತೃಪ್ತಿ ತಂದಿದ್ದರೆ ಐದು ನಕ್ಷತ್ರ ಕೊಡಿ.

ಹಾಗಾದರೆ ತಮ್ಮ 98.6 ಎಲ್ಲಿಂದ ಬಂತು? ಪತ್ರದ ಕೆಳಗೆ ಸಣ್ಣ ಅಕ್ಷರದಲ್ಲಿದೆ: ಪರೀಕ್ಷೆಯ ಸಮಯ ಬೆಳಿಗ್ಗೆ 11.12, ಸ್ಥಳ ಬಸ್ ನಿಲ್ದಾಣದ ಕಂಬದ ಡಬ್ಬಿ, ಅಳೆದದ್ದು ತಮ್ಮದೇ ಸರ್ವರಿನವರೆಗೆ. ಅಂದರೆ ತಮ್ಮ ಅಂಗಳದಿಂದ ತಮ್ಮ ಪಡಸಾಲೆಗೆ ನಡೆದು ಎಷ್ಟು ಹೊತ್ತಾಯಿತೆಂದು ನೋಡಿದ್ದೀರಿ. ನಾನು ಆ ಕಂಬದ ಕೆಳಗೆ ನಿಂತು ಡಬ್ಬಿಯಿಂದ ಹೊರಟ ತಂತಿಗಳನ್ನು ಎಣಿಸಿದೆ. ಯುಗಾದಿಗೆ ಹದಿನಾಲ್ಕಿದ್ದವು, ಈಗ ನಲವತ್ತೊಂದು. ಹನ್ನೊಂದು ಗಂಟೆಗೆ ಊರು ಹೊಲದಲ್ಲಿ, ಶಾಲೆಯಲ್ಲಿ, ಬೈಲಹೊಂಗಲದ ಪೇಟೆಯಲ್ಲಿ ಇರುತ್ತದೆ. ಸಂಜೆ ಎಲ್ಲರೂ ಮನೆಗೆ ಬಂದು ಒಮ್ಮೆಲೇ ಇಂಟರ್ನೆಟ್ ಹಚ್ಚುತ್ತಾರೆ. ಕಂಬದ ಎದುರಿನ ಮನೆಯ ಸಂಗಪ್ಪನವರಲ್ಲೂ ಸಂಜೆ ಅಳೆದು ನೋಡಿದೆ, ಅಲ್ಲೂ ಎರಡೇ. ದೂರದ ದೋಷವಲ್ಲ, ಹಂಚಿಕೆಯ ದೋಷ. ಕಾಲುವೆಗೆ ನೀರು ಮುಟ್ಟದ ಕೊನೆ ಎಂಬುದು ಜಾಗದಲ್ಲಿರುತ್ತದೆ. ತಮ್ಮ ತಂತಿಗೆ ಕೊನೆ ಇರುವುದು ಹೊತ್ತಿನಲ್ಲಿ, ಸಂಜೆ ಐದೂವರೆಯಲ್ಲಿ.

ತಾವು ಸುಳ್ಳು ಬರೆದಿದ್ದೀರಿ ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವ ಅಧಿಕಾರ ನನಗಿಲ್ಲ, ಅದಕ್ಕೊಂದು ಕಾರಣವಿದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಕಾಲುವೆಯ ತಲೆಯಲ್ಲಿ ನಿಂತು ಅಳತೆಪಟ್ಟಿ ಇಳಿಸಿ ದಿನಾ ಅಳೆಯುತ್ತಿದ್ದೆ. ನಾಲ್ಕೂವರೆ ಅಡಿ, ಪೂರ್ಣ ಪ್ರಮಾಣ. ರಿಜಿಸ್ಟರಿನಲ್ಲಿ ದುಂಡಗೆ ಬರೆಯುತ್ತಿದ್ದೆ. ಕಾಲುವೆಯ ಕೊನೆಯಲ್ಲಿ ಹೊಲವಿದ್ದ ದುಂಡಪ್ಪ ಎಂಬ ರೈತ ವಾರಕ್ಕೊಮ್ಮೆ ಬಂದು ನೀರು ಬರುತ್ತಿಲ್ಲ ಎನ್ನುತ್ತಿದ್ದರು. ನಾನು ರಿಜಿಸ್ಟರ್ ತೋರಿಸುತ್ತಿದ್ದೆ. ಒಂದು ದಿನ ಅವರು ರಿಜಿಸ್ಟರ್ ನೋಡಲೇ ಇಲ್ಲ. "ಸಾಹೇಬ್ರ, ನಿಮ್ಮ ಪಟ್ಟಿ ತಗೊಂಡ ನಮ್ಮ ಹೊಲಕ್ಕ ಬರ್ರಿ," ಎಂದರು. ಒಂಬತ್ತು ಕಿಲೋಮೀಟರ್ ಸೈಕಲ್ ತುಳಿದೆವು. ಅಲ್ಲಿ ಕಾಲುವೆಯ ತಳದಲ್ಲಿ ಒಂದು ಓತಿಕ್ಯಾತ ಬಿಸಿಲು ಕಾಯಿಸುತ್ತಿತ್ತು.

"ಇಲ್ಲಿ ನಿಂದರಸ್ರಿ ಪಟ್ಟಿ. ಎಷ್ಟ ತೋರಸತೈತಿ ಅಷ್ಟ ಬರೀರಿ."

ನಾನು ಪಟ್ಟಿ ನಿಲ್ಲಿಸಿದೆ. ಅವರು ಸಿಟ್ಟಾಗಲಿಲ್ಲ. "ನೀವ ಸುಳ್ಳ ಬರದೀರಿ ಅಂತ ನಾ ಅನ್ನೂದಿಲ್ರಿ. ಅಲ್ಲಿದೂ ಖರೆ, ಇಲ್ಲಿದೂ ಖರೆ. ಆದ್ರ ಬೆಳಿ ಇರೂದು ಇಲ್ಲಿ."

ಅಂದು ರಿಜಿಸ್ಟರಿನಲ್ಲಿ ಗೆರೆ ಎಳೆದು ಇನ್ನೊಂದು ಅಂಕಣ ಮಾಡಿದೆ. ತಲೆಯಲ್ಲಿ ನಾಲ್ಕೂವರೆ, ಕೊನೆಯಲ್ಲಿ ಸೊನ್ನೆ. ಮೇಲಿನವರು ಮೊದಲು ನನ್ನನ್ನು ಬೈದರು, ಆಮೇಲೆ ಸೊನ್ನೆಯನ್ನು ನೋಡಿದರು. ಮುಂದಿನ ಹಂಗಾಮಿಗೆ ಕೊನೆಯ ಹೊಲಗಳಿಗೆ ಮೊದಲ ಪಾಳಿ ಬಂತು. ಎರಡನೆಯ ಅಂಕಣ ಮಾಡಿದ ಕೆಲಸ ಇಷ್ಟೇ.

ಆದ್ದರಿಂದ ನನ್ನ ಬೇಡಿಕೆಯೂ ಒಂದು ಅಂಕಣದ್ದು. ರಿಯಾಯಿತಿ ಬೇಡ, ಪುಕ್ಕಟೆ ತಿಂಗಳು ಬೇಡ, ಕ್ಷಮೆಯೂ ಬೇಡ. ಇಪ್ಪತ್ತೆಂಟರೊಳಗೆ ಯಾವುದಾದರೂ ಪಾಠವಿಲ್ಲದ ದಿನ ಸಂಜೆ ಐದೂವರೆಗೆ ತಾವು, ಇಲ್ಲವೇ ಸಹಿ ಮಾಡುವ ಅಧಿಕಾರವಿರುವ ಯಾರಾದರೂ, ನಮ್ಮ ಪಡಸಾಲೆಗೆ ಬನ್ನಿ. ತಮ್ಮದೇ ಲ್ಯಾಪ್‌ಟಾಪಿಗೆ ತಂತಿ ಚುಚ್ಚಿ. ತಮ್ಮ ಸರ್ವರಿಗೊಮ್ಮೆ, ಹೊರಗಿನ ಸರ್ವರಿಗೊಮ್ಮೆ, ಬರುವುದನ್ನೂ ಹೋಗುವುದನ್ನೂ ಅಳೆಯಿರಿ. ಎಷ್ಟು ತೋರಿಸುತ್ತದೋ ಅಷ್ಟನ್ನು, ಹೊತ್ತು ಮತ್ತು ಜಾಗದ ಸಮೇತ, 98.6ರ ಪಕ್ಕದಲ್ಲಿ ಬರೆದು ಸಹಿ ಮಾಡಿಕೊಡಿ. ಅಲ್ಲೂ 98.6 ಬಂದರೆ ಇದೇ ಪತ್ರಿಕೆಯಲ್ಲಿ, ಇಷ್ಟೇ ಉದ್ದದ ತಪ್ಪೊಪ್ಪಿಗೆ ಬರೆಯುತ್ತೇನೆ. ಡಬ್ಬಿಯ ಹಂಚಿಕೆಯನ್ನು ನಂತರ ಸರಿಮಾಡುವಿರಂತೆ. ಮೊದಲು ಆ ಕಾಗದ ವರದಾಳ ಕೈ ಸೇರಲಿ.

ಕುಂಕುಮ ಒರೆಸಿದ್ದೇವೆ. ಕೊಡ ಸರಿಸಿದ್ದೇವೆ. ತಮಗೂ ಒಂದು ಕಪ್ ಚಹಾ ಇಡುವುದಾಗಿ ತಾರಾಬಾಯಿ ಹೇಳಿದ್ದಾಳೆ. ಪರೀಕ್ಷೆ ಮುಗಿಯುವುದರೊಳಗೆ ಅದು ಆರಬಹುದು, ಬೇಗ ಕುಡಿಯಿರಿ.

ಇಂತಿ,
ಬೆಳಿಗ್ಗೆ ಆರೂವರೆಯಿಂದ ಹನ್ನೊಂದರವರೆಗೆ ಮಾತ್ರ ತಮ್ಮ ಸಂತೃಪ್ತ ಗ್ರಾಹಕ,
ತ್ರ್ಯಂಬಕ, ನಿವೃತ್ತ ಗೇಜ್ ರೀಡರ್
ದೊಡವಾಡ, ಬೈಲಹೊಂಗಲ ತಾಲ್ಲೂಕು